ಮಲೆನಾಡಿನ ಮಣ್ಣುದಾರಿಗೆ ಗಾಡಿ ಆರಿಸುವುದು, ಸಜ್ಜು ಮಾಡುವುದು: ಸಮಗ್ರ ಮಾರ್ಗದರ್ಶಿ

ಗಾಡಿ ನೋಡೋಕೆ ಶೋರೂಮಿಗೆ ಹೋಗುವ ಮೊದಲು ಒಂದು ಹಾಳೆ ತಗೊಳ್ಳಿ. ಕಳೆದ ಒಂದು ವರ್ಷದಲ್ಲಿ ಟಾರು ಬಿಟ್ಟು ಎಲ್ಲೆಲ್ಲಿ ಓಡಾಡಿದ್ದೀರಿ, ಯಾವ ತಿಂಗಳಲ್ಲಿ, ಗಾಡಿಯಲ್ಲಿ ಎಷ್ಟು ಜನ ಇದ್ದರು, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಬರೆಯಿರಿ. ಮುಂದಿನ ವರ್ಷ ಎಲ್ಲಿಗೆ ಹೋಗಬೇಕು ಅಂತಲೂ ಬರೆಯಿರಿ. ಈ ಹಾಳೆ ಇಲ್ಲದೆ ಗಾಡಿ ಕೊಂಡವರು ಸಾಮಾನ್ಯವಾಗಿ ಬೇಡದ್ದಕ್ಕೆಲ್ಲ ದುಡ್ಡು ಸುರಿದು, ಬೇಕಾದದ್ದನ್ನೇ ಬಿಟ್ಟಿರುತ್ತಾರೆ.

ನಾನು ಇಲ್ಲಿ ಬರೆಯುತ್ತಿರುವುದು ಮಲೆನಾಡಿನ ಲೆಕ್ಕದಲ್ಲಿ. ಸಕಲೇಶಪುರ, ಮೂಡಿಗೆರೆ, ಕೊಡಗು, ತೀರ್ಥಹಳ್ಳಿ ಕಡೆಯ ತೋಟದ ದಾರಿ, ಕಾಡಂಚಿನ ದಾರಿ, ಹಳ್ಳ ದಾಟುವ ದಾರಿ. ಹಿಮಾಲಯದ ಸ್ಪಿತಿಗೋ ಲಡಾಖಿಗೋ ಹೋಗುವವರಿಗೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ. ಬೇರೆಯಾಗುವ ಕಡೆ ಹೇಳುತ್ತೇನೆ.

ಮೊದಲು ದಾರಿ ಯಾವುದು ಅಂತ ತಿಳಿದುಕೊಳ್ಳಿ

ನಮ್ಮ ಕಡೆಯ ಕೆಟ್ಟ ದಾರಿಗಳನ್ನು ನಾನು ಮೂರು ಬಗೆ ಮಾಡುತ್ತೇನೆ. ಮೊದಲನೆಯದು ಟಾರು ಕಿತ್ತು ಜಲ್ಲಿ ಎದ್ದ ಊರಿನ ರಸ್ತೆ. ಇದಕ್ಕೆ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ) ಬೇಡವೇ ಬೇಡ. ನೆಲದಿಂದ 180-200 ಮಿ.ಮೀ. ಎತ್ತರ ಇರುವ ಯಾವ ಗಾಡಿಯಾದರೂ ನಿಧಾನಕ್ಕೆ ಹೋಗುತ್ತದೆ. ಎರಡನೆಯದು ಕೆಂಪುಮಣ್ಣಿನ ತೋಟದ ದಾರಿ. ಬೇಸಿಗೆಯಲ್ಲಿ ಇದರ ಮೇಲೆ ಸಾಮಾನ್ಯ ಕಾರು ಕೂಡ ಓಡುತ್ತದೆ, ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಅದೇ ದಾರಿ ಸೋಪು ಹಚ್ಚಿದ ಹಾಗಾಗುತ್ತದೆ. ಮೂರನೆಯದು ನಿಜವಾದ ಜೀಪುದಾರಿ. ಕೊಡಚಾದ್ರಿ, ಮಡಿಕೇರಿ ಹತ್ತಿರದ ಮಾಂದಲಪಟ್ಟಿ, ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತದ ದಾರಿ ಇಂಥವು.

ಮೂರನೆಯ ಬಗೆಗೆ ನಿಮ್ಮ ಗಾಡಿ ಸಜ್ಜು ಮಾಡುವ ಯೋಚನೆ ಬಿಡಿ. ಅಲ್ಲಿ ಬಾಡಿಗೆ ಜೀಪುಗಳಿವೆ, ಆ ಡ್ರೈವರುಗಳಿಗೆ ಒಂದೊಂದು ಕಲ್ಲಿನ ಗುರುತೂ ಇರುತ್ತದೆ. ಅವರ ಹೊಟ್ಟೆಪಾಡೂ ಅದೇ. ನನ್ನ ಗಾಡಿ ಹತ್ತುತ್ತದೆ ಅಂತ ತೋರಿಸೋಕೆ ಹೋಗಿ ಅರ್ಧ ದಾರಿಯಲ್ಲಿ ನಿಂತರೆ ಹಿಂದಿನ ಜೀಪುಗಳೆಲ್ಲ ನಿಲ್ಲಬೇಕಾಗುತ್ತದೆ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಹೇಳುತ್ತೇನೆ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಬೆಟ್ಟದ ಹುಲ್ಲುಗಾವಲಿನ ಮೇಲೆ ಒಂದು ಸಲ ಚಕ್ರ ಹರಿದರೆ ಆ ಗೆರೆಯಲ್ಲೇ ಮುಂಗಾರಿನ ನೀರು ಹರಿದು, ನಾಲ್ಕು ವರ್ಷಕ್ಕೆ ಅದು ಕೊರಕಲಾಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ತೋಟದ ದಾರಿ ಖಾಸಗಿ ಜಾಗ, ಕೇಳಿಯೇ ಹೋಗಿ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಬನ್ನಿ. ಬಂಡೀಪುರದ ಮೂಲಕ ವಯನಾಡಿನ ಕಡೆ ಹೋಗುವ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ಗಾಡಿಗಳಿಗೆ ಮುಚ್ಚಿರುತ್ತದೆ. ಅದನ್ನು ಲೆಕ್ಕ ಹಾಕಿಯೇ ಹೊರಡಿ.

ಗಾಡಿ ಆರಿಸುವಾಗ ಏನು ನೋಡಬೇಕು

ಜನ ಮೊದಲು ಎಂಜಿನ್ ಶಕ್ತಿ ಕೇಳುತ್ತಾರೆ. ನನ್ನ ಪಟ್ಟಿಯಲ್ಲಿ ಅದು ಕೊನೆಗೆ. ಮೊದಲು ನೋಡಬೇಕಾದ್ದು ತೂಕ.

ಹಗುರ ಗಾಡಿ ಕೆಸರಿನಲ್ಲಿ ಕಮ್ಮಿ ಹೂತುಕೊಳ್ಳುತ್ತದೆ, ಹೂತರೂ ನಾಲ್ಕು ಜನ ಸೇರಿ ತಳ್ಳಬಹುದು. ಮಾರುತಿ ಜಿಪ್ಸಿ 1985ರಲ್ಲಿ ಬಂದದ್ದು, ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುವ ಜನ ಇದ್ದಾರೆ. ಕಾರಣ ಇದೇ. 2023ರಲ್ಲಿ ಬಂದ ಮಾರುತಿಯ ಐದು ಬಾಗಿಲಿನ ಜಿಮ್ನಿ ಕೂಡ ಸುಮಾರು 1,200 ಕೆ.ಜಿ. ಅಷ್ಟೇ. ಮಹೀಂದ್ರ ಥಾರ್ ಅದಕ್ಕಿಂತ ಅರ್ಧ ಟನ್ನು ಭಾರ. ಫೋರ್ಸ್ ಕಂಪನಿಯ ಗೂರ್ಖಾ ಇನ್ನೂ ಭಾರ. ಭಾರದ ಗಾಡಿ ಕೆಟ್ಟದ್ದು ಅಂತಲ್ಲ. ಅದನ್ನು ಹೊರಗೆ ಎಳೆಯೋಕೆ ಅಷ್ಟೇ ಭಾರದ ಇನ್ನೊಂದು ಗಾಡಿ ಬೇಕು ಅನ್ನೋದು ನೆನಪಿರಲಿ.

ಎರಡನೆಯದು ಲೋ ರೇಂಜ್. ಗೇರಿನ ಪಕ್ಕ ಇರುವ ಆ ಚಿಕ್ಕ ಲಿವರ್. ಅದನ್ನು 4ಎಲ್‌ಗೆ ಹಾಕಿದರೆ ಗಾಡಿ ನಡೆಯುವ ವೇಗದಲ್ಲೇ ಪೂರ್ತಿ ಬಲ ಹಾಕಿ ಹತ್ತುತ್ತದೆ. ಹತ್ತುವುದಕ್ಕಿಂತ ಜಾಸ್ತಿ ಉಪಯೋಗ ಇಳಿಯುವಾಗ. ಒದ್ದೆ ಇಳಿಜಾರಿನಲ್ಲಿ ಮೊದಲ ಗೇರು ಹಾಕಿ, ಕ್ಲಚ್ಚು ಬ್ರೇಕು ಎರಡನ್ನೂ ಮುಟ್ಟದೆ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಬ್ರೇಕು ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. ಥಾರ್ ಕೊಳ್ಳುವವರು ಇಲ್ಲಿ ಎಚ್ಚರ: 2023ರಿಂದ ಹಿಂದಿನ ಎರಡು ಚಕ್ರ ಮಾತ್ರ ಓಡುವ ಥಾರ್ ಕೂಡ ಬಂದಿದೆ. ನೋಡೋಕೆ ಒಂದೇ ಥರ, ಕೆಲಸ ಬೇರೆ. ಹಳೆ ಗಾಡಿ ಮಾರುವವರು ಇದನ್ನು ತಾವಾಗಿ ಹೇಳುವುದಿಲ್ಲ.

ಮೂರನೆಯದು ಡಿಫರೆನ್ಷಿಯಲ್ ಲಾಕ್. ಡಿಫರೆನ್ಷಿಯಲ್ ಅಂದರೆ ಆಕ್ಸೆಲ್ಲಿನ ನಡುವೆ ಇದ್ದು ಎರಡು ಚಕ್ರಕ್ಕೂ ಬಲ ಹಂಚುವ ಗೇರು. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಎಂಜಿನ್ನಿನ ಬಲ ಯಾವ ಚಕ್ರ ಸಲೀಸಾಗಿ ತಿರುಗುತ್ತದೋ ಆ ಕಡೆ ಹೋಗುತ್ತದೆ. ಅಂದರೆ ಒಂದು ಚಕ್ರ ಹೊಂಡದ ಮೇಲೆ ಗಾಳಿಯಲ್ಲಿದ್ದರೆ ಅದೊಂದೇ ಸುಮ್ನೆ ಗಿರಗಿರ ತಿರುಗುತ್ತದೆ, ನೆಲ ಕಚ್ಚಿರುವ ಚಕ್ರ ನಿಂತೇ ಇರುತ್ತದೆ. ಲಾಕ್ ಹಾಕಿದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಲಾಕ್ ಇದೆ. ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸೆಲ್ಲಿಗೆ ತಾನಾಗಿಯೇ ಬೀಳುವ ಲಾಕ್ ಇದೆ. ಜಿಮ್ನಿಯಲ್ಲಿ ಲಾಕ್ ಇಲ್ಲ, ಜಾರುವ ಚಕ್ರಕ್ಕೆ ಗಾಡಿಯೇ ಬ್ರೇಕು ಹಾಕಿ ಬಲವನ್ನು ಇನ್ನೊಂದು ಕಡೆ ಕಳಿಸುತ್ತದೆ. ತೋಟದ ದಾರಿಗೆ ಇದು ಸಾಕು.

ನೆಲದಿಂದ ಎತ್ತರ ಜಿಮ್ನಿಗೆ 210, ಥಾರ್‌ಗೆ 226 ಮಿ.ಮೀ. ಈ ಅಂಕಿಗಿಂತ ಮುಖ್ಯ ಮೂತಿ ಮತ್ತು ಹಿಂಬದಿ ಎಷ್ಟು ಮೇಲಕ್ಕೆ ಎತ್ತಿಕೊಂಡಿದೆ, ಎರಡು ಚಕ್ರದ ನಡುವಿನ ಉದ್ದ ಎಷ್ಟು ಅನ್ನೋದು. ಉದ್ದದ ಪಿಕಪ್ ಗಾಡಿಗಳು, ಉದಾಹರಣೆಗೆ ಇಸುಜು ವಿ-ಕ್ರಾಸ್ ಅಥವಾ ಹೈಲಕ್ಸ್, ಬಲದಲ್ಲಿ ಯಾವುದಕ್ಕೂ ಕಮ್ಮಿ ಇಲ್ಲ. ಆದರೆ ತೋಟದ ಹೇರ್‌ಪಿನ್ ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ, ದಿಬ್ಬದ ಮೇಲೆ ಹೊಟ್ಟೆ ತಾಗುತ್ತದೆ.

ಕೊನೆಗೆ, ನಿಮ್ಮ ತಾಲ್ಲೂಕಿನ ಮೆಕ್ಯಾನಿಕ್‌ಗೆ ಆ ಗಾಡಿ ಬಿಚ್ಚೋಕೆ ಬರುತ್ತದಾ ಅಂತ ಕೇಳಿ. ಮಹೀಂದ್ರ, ಮಾರುತಿ ಆದರೆ ಸಣ್ಣ ಪೇಟೆಯಲ್ಲೂ ಬಿಡಿಭಾಗ ಸಿಗುತ್ತದೆ. ನನ್ನ ಮಟ್ಟಿಗೆ ಇದು ಎರಡು ಇಂಚು ಎತ್ತರಕ್ಕಿಂತ ದೊಡ್ಡದು.

ಹಿಮಾಲಯಕ್ಕೆ ಹೋಗುವವರಿಗೆ ಒಂದೇ ವ್ಯತ್ಯಾಸ ಹೇಳುತ್ತೇನೆ. 4,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಮೀಟರಿಗೆ ಸುಮಾರು ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಜಿಮ್ನಿ ಅಲ್ಲೂ ಹತ್ತುತ್ತದೆ, ಆದರೆ ನಾಲ್ಕು ಜನ, ಸಾಮಾನು ತುಂಬಿದರೆ ತಿಣುಕುತ್ತದೆ. ಟರ್ಬೊ ಇದ್ದ ಗಾಡಿ ಅಲ್ಲಿ ಸುಖ.

ಹಳೆ ಗಾಡಿ ಕೊಳ್ಳುವುದಾದರೆ

ಗಾಡಿಯ ಅಡಿಗೆ ನುಗ್ಗಿ ನೋಡದೆ ಮುಂಗಡ ಕೊಡಬೇಡಿ. ಒಂದು ಗೋಣಿ ಹಾಸಿ, ಟಾರ್ಚ್ ಹಿಡಿದು ಮಲಗಿ. ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಮೇಲೆ ವೆಲ್ಡಿಂಗ್ ಗುರುತು, ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಕೇಳಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ತುಕ್ಕನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು ನೋಡಿ. ಪದರ ಪದರವಾಗಿ ಉದುರಿದರೆ ಬಿಟ್ಟುಬಿಡಿ.

ಡಿಫರೆನ್ಷಿಯಲ್ ಮತ್ತು ಬಲವನ್ನು ಮುಂದಿನ ಹಿಂದಿನ ಆಕ್ಸೆಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಆಯಿಲ್ ಬೋಲ್ಟ್ ಬಿಚ್ಚಿಸಿ ಬೆರಳು ಅದ್ದಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಹಳ್ಳದಲ್ಲಿ ಇಳಿಸಿ ಆಮೇಲೆ ಯಾರೂ ಗಮನಿಸದ ಗಾಡಿ ಅದು. ಆಮೇಲೆ ಓಡಿಸಿ ನೋಡಿ, ಮಣ್ಣಿನ ಮೇಲೆ 4ಎಚ್ (ನಾಲ್ಕೂ ಚಕ್ರ, ಮಾಮೂಲಿ ವೇಗ), ನಿಲ್ಲಿಸಿ 4ಎಲ್, ಎರಡಕ್ಕೂ ಹಾಕಿ. ಎಷ್ಟೋ ಗಾಡಿಗಳಲ್ಲಿ ಆ ಲಿವರ್ ವರ್ಷಗಟ್ಟಲೆ ಮುಟ್ಟದೆ ಜಾಮ್ ಆಗಿರುತ್ತದೆ. ಇದನ್ನು ಟಾರಿನ ಮೇಲೆ ಪರೀಕ್ಷೆ ಮಾಡಬೇಡಿ. ಒಣ ಟಾರಿನಲ್ಲಿ ಫೋರ್ ಬೈ ಫೋರ್ ಹಾಕಿ ತಿರುಗಿಸಿದರೆ ಮುಂದಿನ ಹಿಂದಿನ ಆಕ್ಸೆಲ್ ಒಂದಕ್ಕೊಂದು ಜಗ್ಗಾಡಿ ಒಳಗಿನ ಗೇರು ಹಾಳಾಗುತ್ತದೆ.

ದೆಹಲಿ ಗಾಡಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ನಿರ್ಬಂಧ ಬಂದದ್ದರಿಂದ ಅಗ್ಗಕ್ಕೆ ಸಿಗುತ್ತವೆ ನಿಜ. ಆದರೆ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿ ರಸ್ತೆ ತೆರಿಗೆ ಕಟ್ಟಿ, ಕೆಎ ನಂಬರ್ ಬರುವ ಹೊತ್ತಿಗೆ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಮೊದಲೇ ಕೇಳಿ ಕೂಡಿಸಿ. ನಮ್ಮ ಬಳಗದ ಒಬ್ಬರು ದಲ್ಲಾಳಿಯ ಮಾತು ನಂಬಿ ಪೂರ್ತಿ ದುಡ್ಡು ಕೊಟ್ಟರು. ಎನ್‌ಒಸಿ ಬರಲಿಲ್ಲ. ಗಾಡಿ ಎಂಟು ತಿಂಗಳು ಅಂಗಳದಲ್ಲೇ ನಿಂತಿತ್ತು. ಕಾಗದ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಿ.

ಟೈರು: ಮೊದಲ ಖರ್ಚು ಇಲ್ಲಿಗೇ

ಗಾಡಿ ಬಂತು. ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿದೆ. ಇದರಲ್ಲಿ ಮುಕ್ಕಾಲು ಪಾಲು ಟೈರು ಮತ್ತು ಗಾಳಿಗೆ ಅಂತ ಎತ್ತಿಡಿ.

ಕೆಲವು ವರ್ಷದ ಹಿಂದೆ ಜೂನ್ ಕೊನೆಯಲ್ಲಿ ಮೂಡಿಗೆರೆ ಕಡೆಯ ಒಂದು ತೋಟದ ಏರಿನಲ್ಲಿ ನಾವು ಮೂರು ಸಲ ಹತ್ತಿ ಮೂರು ಸಲ ಹಿಂದಕ್ಕೆ ಜಾರಿದೆವು. ಒಳ್ಳೆ ಗಾಡಿ, ಫೋರ್ ಬೈ ಫೋರ್, ಟೈರಿನಲ್ಲಿ 32 ಪಿಎಸ್‌ಐ ಗಾಳಿ (ಗಾಳಿಯ ಒತ್ತಡದ ಅಳತೆ, ಮುಂದಿನ ಅಂಕಿಗಳೂ ಇದರಲ್ಲೇ). ಹಿಂದಿನಿಂದ ಕೂಲಿಯವರನ್ನು ತುಂಬಿಕೊಂಡು ಒಂದು ಹಳೇ ಎಸ್ಟೇಟ್ ಜೀಪು ಬಂತು. ಅದರ ಡ್ರೈವರು ಇಳಿದು ಟೈರು ಒತ್ತಿ ನೋಡಿ, "ಅಣ್ಣ, ಗಾಳಿ ಇಳ್ಸಿ, ಅರ್ಧಕ್ಕೆ ಇಳ್ಸಿ" ಅಂದರು. 18ಕ್ಕೆ ಇಳಿಸಿದೆವು. ನಾಲ್ಕನೆಯ ಸಲ ಗಾಡಿ ಎಂಜಿನ್ ಸದ್ದು ಕೂಡ ಏರಿಸದೆ ಹತ್ತಿತು. ಅವತ್ತಿನಿಂದ ಮಣ್ಣು ಶುರುವಾಗುವ ಕಡೆ ನಿಲ್ಲಿಸಿ ಗಾಳಿ ಇಳಿಸದೆ ನಾನು ಮುಂದೆ ಹೋಗುವುದಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಗಾಳಿ ಇಳಿಸಿದಾಗ ಟೈರು ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ. ಭಾರ ಹರಡುತ್ತದೆ. ರಬ್ಬರು ಮೆತ್ತಗಾಗಿ ಕಲ್ಲು, ಬೇರುಗಳಿಗೆ ಸುತ್ತಿಕೊಳ್ಳುತ್ತದೆ. ತೋಟದ ಕಲ್ಲುಮಣ್ಣಿನ ದಾರಿಗೆ 20-22, ಕೆಸರಿಗೆ 18 ಸಾಕು. ಸಮುದ್ರತೀರದ ಮರಳಿಗೆ 15ರವರೆಗೆ ಹೋಗಬಹುದು. ಅದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯ. ಗಾಳಿ ಇಳಿಸಿದ ಮೇಲೆ 30 ಕಿ.ಮೀ. ವೇಗ ದಾಟಬೇಡಿ, ಟಾರು ಸಿಕ್ಕ ತಕ್ಷಣ ಮತ್ತೆ ತುಂಬಿಸಿ.

ಇದಕ್ಕೆ ಎರಡು ವಸ್ತು ಬೇಕು. ಒಂದು ಒಳ್ಳೆಯ ಗಾಳಿ ಗೇಜು, ಒಂದು ಕಂಪ್ರೆಸರ್. ಸಿಗರೇಟ್ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಕಂಪ್ರೆಸರ್ ಎರಡನೇ ಟೈರಿಗೇ ಕಾದು ನಿಂತುಬಿಡುತ್ತದೆ. ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದು ತಗೊಳ್ಳಿ.

ಈಗ ಟೈರಿನ ಬಗೆ. ಎಚ್‌ಟಿ ಅಂದರೆ ಟಾರಿಗೆ, ಎಟಿ ಅಂದರೆ ಎರಡಕ್ಕೂ, ಎಂಟಿ ಅಂದರೆ ಕೆಸರಿಗೆ. ವರ್ಷದಲ್ಲಿ ಬಹುಪಾಲು ಟಾರಿನ ಮೇಲೇ ಓಡಿಸುವವರು ಎಟಿ ತಗೊಳ್ಳಿ, ಬೇರೆ ಯೋಚನೆ ಬೇಡ. ಎಂಟಿ ಟೈರು ನೋಡೋಕೆ ಚಂದ, ಮಲೆನಾಡಿನ ಜಿಗುಟು ಮಣ್ಣಿನಲ್ಲಿ ಅದರ ಅಗಲ ಸೀಳುಗಳು ಮಣ್ಣನ್ನು ಹೊರಗೆ ಎಸೆಯುತ್ತವೆ ಅನ್ನೋದು ನಿಜ. ಆದರೆ ಚಾರ್ಮಾಡಿ ಘಾಟಿಯ ಒದ್ದೆ ಟಾರಿನಲ್ಲಿ ಅದು ಎಟಿಯಷ್ಟು ಹಿಡಿಯುವುದಿಲ್ಲ. ಬೆಂಗಳೂರಿನಿಂದ ತೋಟಕ್ಕೆ ಹೋಗುವ ದಾರಿಯಲ್ಲಿ ಟಾರೇ ಜಾಸ್ತಿ ಅಲ್ವಾ?

ಕಂಪನಿ ಕೊಟ್ಟ ಅಳತೆಗಿಂತ ತುಂಬ ದೊಡ್ಡ ಟೈರು ಹಾಕಬೇಡಿ. ಸುತ್ತಳತೆ ನೂರಕ್ಕೆ ಮೂರರಷ್ಟು ವ್ಯತ್ಯಾಸದ ಒಳಗೆ ಇರಲಿ. ದೊಡ್ಡದಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಬ್ರೇಕಿಗೆ ಭಾರ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಸ್ಟೆಪ್ನಿ ಕೂಡ ಅದೇ ಅಳತೆಯದ್ದೇ ಇರಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ: 2324 ಅಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಸ್ಟಾಕನ್ನು ಹೊಸ ಬೆಲೆಗೆ ಕೊಡೋಕೆ ಬಂದರೆ ಬೇಡ ಅನ್ನಿ.

ಪಂಕ್ಚರ್ ಕಿಟ್ ಮನೆಯ ಹತ್ತಿರವೇ ಒಂದು ಹಳೇ ಟೈರಿನ ಮೇಲೆ ಅಭ್ಯಾಸ ಮಾಡಿ. ತೂತಿಗೆ ರಬ್ಬರ್ ಬತ್ತಿ ತುರುಕೋಕೆ ಕೈಯಲ್ಲಿ ಎಷ್ಟು ಬಲ ಬೇಕು ಅಂತ ಮಾಡಿದವರಿಗೇ ಗೊತ್ತು. ಟೈರಿನ ಪಕ್ಕ ಸೀಳಿದರೆ ಬತ್ತಿ ನಿಲ್ಲುವುದಿಲ್ಲ, ಆಗ ಸ್ಟೆಪ್ನಿಯೇ ಗತಿ.

ಮಳೆಗಾಲದಲ್ಲಿ ಎಸ್ಟೇಟ್ ಜೀಪುಗಳು ಚಕ್ರಕ್ಕೆ ಸರಪಳಿ ಸುತ್ತಿಕೊಂಡು ಓಡುವುದನ್ನು ನೋಡಿರುತ್ತೀರಿ. ಅದು ಅದ್ಭುತವಾಗಿ ಕೆಲಸ ಮಾಡುತ್ತದೆ. ಆದರೆ ಬೇರೆಯವರ ತೋಟದ ದಾರಿಯಲ್ಲಿ ಹಾಕಬೇಡಿ, ಮಣ್ಣು ಕಿತ್ತು ದಾರಿಯೇ ಹಾಳಾಗುತ್ತದೆ.

ಹೂತರೆ ಹೊರಗೆ ಬರುವ ಸಾಮಾನು

ಟೈರು ಆದ ಮೇಲೆ ಖರ್ಚು ಇದಕ್ಕೆ. ದೊಡ್ಡ ಪಟ್ಟಿ ಏನಿಲ್ಲ. ಮಡಚುವ ಸಲಿಕೆ ಬೇಡ, ಮರದ ಹಿಡಿಯ ಗಟ್ಟಿ ಸಲಿಕೆ. ಒಂದು ಜೊತೆ ಟ್ರ್ಯಾಕ್ಷನ್ ಹಲಗೆ, ಅಂದರೆ ಜಾರುವ ಟೈರಿನ ಅಡಿಗೆ ಹಿಡಿತಕ್ಕೆ ಇಡುವ ಹಲಗೆ. ಒಂದು ಹಿಗ್ಗುವ ನೈಲಾನ್ ಹಗ್ಗ. ಎರಡು ಶ್ಯಾಕಲ್, ಅಂದರೆ ಹಗ್ಗವನ್ನು ಹುಕ್ಕಿಗೆ ಸೇರಿಸುವ ಪಿನ್ ಇರುವ ಕಬ್ಬಿಣದ ಕೊಂಡಿ. ಚರ್ಮದ ಕೈಗವಸು. ಜಾಕಿನ ಅಡಿಗೆ ಇಡೋಕೆ ಒಂದು ದಪ್ಪ ಮರದ ಹಲಗೆ. ಈ ಕೊನೆಯದನ್ನೇ ಎಲ್ಲರೂ ಮರೆಯುತ್ತಾರೆ, ಕೆಸರಿನಲ್ಲಿ ಜಾಕು ಗಾಡಿಯನ್ನು ಎತ್ತುವ ಬದಲು ತಾನೇ ಕೆಳಗೆ ಇಳಿಯುತ್ತದೆ.

ಹಗ್ಗದ ವಿಷಯ ಸರಿಯಾಗಿ ತಿಳಿದುಕೊಳ್ಳಿ, ಜೀವ ಹೋಗುವ ವಿಷಯ ಇದು. ಟೋಯಿಂಗ್ ಬೆಲ್ಟ್ ಹಿಗ್ಗುವುದಿಲ್ಲ. ಅದು ಕೆಟ್ಟ ಗಾಡಿಯನ್ನು ಟಾರಿನ ಮೇಲೆ ನಿಧಾನಕ್ಕೆ ಎಳೆಯೋಕೆ. ಹೂತ ಗಾಡಿಯನ್ನು ಜಗ್ಗಿ ಎಳೆಯೋಕೆ ಬೇಕಾದ್ದು ನೈಲಾನ್ ಹಗ್ಗ, ಅದು ನೂರಕ್ಕೆ ಮೂವತ್ತರಷ್ಟು ಹಿಗ್ಗಿ ರಬ್ಬರ್ ಬ್ಯಾಂಡಿನ ಹಾಗೆ ಗಾಡಿಯನ್ನು ಎತ್ತಿ ತರುತ್ತದೆ. ಹಿಗ್ಗದ ಬೆಲ್ಟ್ ಅಥವಾ ಸರಪಳಿ ಕಟ್ಟಿ ಜಗ್ಗಿದರೆ ಹುಕ್ಕು ಕಿತ್ತು ಗುಂಡಿನ ಹಾಗೆ ಹಾರುತ್ತದೆ. ಹಗ್ಗದ ತಡೆಯುವ ಶಕ್ತಿ ತುಂಬಿದ ಗಾಡಿಯ ತೂಕದ ಎರಡರಿಂದ ಮೂರು ಪಟ್ಟು ಇರಬೇಕು. ಜಿಮ್ನಿಗೆ ನಾಲ್ಕೈದು ಟನ್ನು, ಥಾರ್‌ಗೆ ಆರೇಳು ಟನ್ನು.

ಹಗ್ಗ ಎಲ್ಲಿ ಕಟ್ಟುತ್ತೀರಿ ಅನ್ನೋದನ್ನು ಮನೆಯಲ್ಲೇ ನೋಡಿಕೊಳ್ಳಿ. ಚಾಸಿಗೆ ಬೋಲ್ಟ್ ಆಗಿರುವ ಹುಕ್ಕಿಗೆ ಮಾತ್ರ. ಲಾರಿಯಲ್ಲಿ ಗಾಡಿ ಸಾಗಿಸುವಾಗ ಕಟ್ಟೋಕೆ ಅಂತ ಕೊಟ್ಟಿರುವ ತೂತುಗಳು, ಆಕ್ಸೆಲ್, ಬಂಪರ್ ಇವಕ್ಕೆ ಎಂದೂ ಬೇಡ. ಶ್ಯಾಕಲ್ ಪಿನ್ ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಇಲ್ಲದಿದ್ದರೆ ಎಳೆದ ಮೇಲೆ ಬಿಚ್ಚೋಕೆ ಬರುವುದಿಲ್ಲ. ಹಗ್ಗದ ನಡುವೆ ಒಂದು ಒದ್ದೆ ಗೋಣಿ ಹಾಕಿ, ತುಂಡಾದರೂ ಅದು ಹಾರದಂತೆ ತಡೆಯುತ್ತದೆ. ನೋಡುವವರೆಲ್ಲ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಬೇಕು. ನಮ್ಮಲ್ಲಿ ಗಾಡಿ ಹೂತರೆ ಊರಿನ ಹುಡುಗರೆಲ್ಲ ಓಡಿ ಬರುತ್ತಾರೆ, ಪಾಪ, ಸಹಾಯಕ್ಕೇ ಬರುವುದು. ಅವರನ್ನು ಗದರದೆ, ಆದರೆ ಖಡಾಖಂಡಿತವಾಗಿ ದೂರ ನಿಲ್ಲಿಸಿ.

ಹೂತ ಮೇಲೆ ಮಾಡುವ ಕ್ರಮ ಹೀಗಿರಲಿ. ಚಕ್ರ ತಿರುಗಿದರೂ ಗಾಡಿ ಮುಂದೆ ಹೋಗದಿದ್ದರೆ ತಕ್ಷಣ ಆಕ್ಸಿಲರೇಟರ್ ಬಿಡಿ. ಇನ್ನೂ ಒತ್ತಿದರೆ ಗುಂಡಿ ಆಳವಾಗುತ್ತದೆ ಅಷ್ಟೇ. ಇಳಿದು ಸುತ್ತ ನೋಡಿ, ಹೊಟ್ಟೆ ಎಲ್ಲಾದರೂ ಕೂತಿದೆಯಾ? ಗಾಳಿ ಇನ್ನೂ ಇಳಿಸಬಹುದಾ? ಚಕ್ರದ ಮುಂದಿನ ಮಣ್ಣು ತೆಗೆದು ಇಳಿಜಾರು ಮಾಡಿ, ಹಲಗೆಯನ್ನು ಟೈರಿನ ಅಡಿಗೆ ಚೆನ್ನಾಗಿ ತುರುಕಿ, ನಿಧಾನಕ್ಕೆ ಹೊರಡಿ. ಬಂದ ದಾರಿಯಲ್ಲಿ ಹಿಂದಕ್ಕೆ ಬರುವುದು ಬಹಳ ಸಲ ಸುಲಭ. ಹಲಗೆ ಇಲ್ಲದಿದ್ದರೆ ಕಲ್ಲು, ಉದುರಿ ಬಿದ್ದ ರೆಂಬೆ ಹಾಕಿ. ಯಾರದೋ ಬೇಲಿ ಕಿತ್ತು ಹಾಕಬೇಡಿ.

ಎಲೆಕ್ಟ್ರಿಕ್ ವಿಂಚ್ (ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ) ಬೇಕಾ ಅಂತ ಕೇಳುತ್ತಾರೆ. ಮೂತಿಯ ಮೇಲೆ ಮೂವತ್ತು ನಲವತ್ತು ಕೆ.ಜಿ. ಭಾರ, ಅದನ್ನು ಹಿಡಿಯೋಕೆ ಕಬ್ಬಿಣದ ಬಂಪರ್ ಬೇರೆ. ನನ್ನ ಪ್ರಕಾರ ಒಂಟಿಯಾಗಿ ಓಡಾಡುವವರಿಗೆ ಕೈಯಿಂದ ಎಳೆಯುವ ವಿಂಚ್ ಸಾಕು. ಮರಕ್ಕೆ ಕಟ್ಟುವಾಗ ಅಗಲದ ಬೆಲ್ಟ್ ಬಳಸಿ, ಸಿಪ್ಪೆ ಸುಲಿಯಬಾರದು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್‌ಗೆ ಎಂದೂ ಕಟ್ಟಬೇಡಿ. ನಿಮಗೆ ಅದು ಬರೀ ಕಂಬ, ತೋಟದವರಿಗೆ ಅದು ವರ್ಷದ ಬೆಳೆ.

ಏನನ್ನು ಹಾಕಿಸಬಾರದು

ಕಾನೂನು ಇಲ್ಲಿ ಸ್ಪಷ್ಟ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರಚನೆಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಬುಲ್ ಬಾರ್‌ಗಳನ್ನು ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ನಿಷೇಧಿಸಿದೆ. ಅದು ದಾರಿಯಲ್ಲಿ ನಡೆಯುವವರಿಗೆ ಅಪಾಯ, ಒಳಗೆ ಕೂತವರಿಗೂ ಒಳ್ಳೆಯದಲ್ಲ. ದಂಡ ಒಂದು ಕಡೆ ಇರಲಿ, ಅಪಘಾತ ಆದಾಗ ವಿಮೆಯವರು ಇದನ್ನೇ ಹಿಡಿದುಕೊಳ್ಳಬಹುದು. ಏನೇ ಹಾಕಿಸಿದರೂ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ನೀರು ನುಗ್ಗಿ ಎಂಜಿನ್ ಹಾಳಾದರೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಬರುವುದು ಕಷ್ಟ, ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಸೇರಿಸಬೇಕು. ಮಲೆನಾಡಿಗೆ ಹೋಗುವವರು ಸೇರಿಸಿಕೊಳ್ಳಿ.

ಗಾಡಿಯ ಅಡಿಗೆ, ಎಂಜಿನ್ ಚೇಂಬರ್ ಮತ್ತು ಟ್ರಾನ್ಸ್‌ಫರ್ ಕೇಸ್ ಕಾಯುವ ದಪ್ಪ ತಗಡು ಮಾತ್ರ ನಾನು ಹಾಕಿಸು ಅನ್ನುತ್ತೇನೆ. ಸಸ್ಪೆನ್ಷನ್ ಎತ್ತರಿಸುವುದು ಬೇಡ. ಎತ್ತರಿಸಿದ ಗಾಡಿ ಘಾಟಿಯ ತಿರುವಿನಲ್ಲಿ ವಾಲುತ್ತದೆ.

ಸಾಮಾನು ತುಂಬುವುದು

ನಿಮ್ಮ ಪೇಟೆಯಲ್ಲಿ ಕಾಫಿ, ಅಡಿಕೆ ತೂಗುವ ವೇಬ್ರಿಡ್ಜ್ ಇರುತ್ತದಲ್ಲ, ಅಲ್ಲಿಗೆ ಗಾಡಿ ತಗೊಂಡು ಹೋಗಿ. ಖಾಲಿ ಗಾಡಿ ಒಂದು ಸಲ, ಜನ, ಸಾಮಾನು, ನೀರು, ಪೂರ್ತಿ ಟ್ಯಾಂಕ್ ಎಲ್ಲ ತುಂಬಿ ಇನ್ನೊಂದು ಸಲ ತೂಗಿಸಿ. ಎರಡನೆಯ ಅಂಕಿಯನ್ನು ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದ ಪಕ್ಕ ಇಟ್ಟು ನೋಡಿ. ತುಂಬ ಜನಕ್ಕೆ ಇಲ್ಲೇ ಗೊತ್ತಾಗುವುದು ಎಷ್ಟು ಮಿತಿಮೀರಿ ತುಂಬಿದ್ದೇವೆ ಅಂತ.

ಮೇಲಿನ ರ‍್ಯಾಕಿನಲ್ಲಿ ಭಾರ ಇಡಬೇಡಿ. ಟೆಂಟು, ಚಾಪೆಯಂಥ ಹಗುರ ಸಾಮಾನು ಮಾತ್ರ. ಎಷ್ಟು ಕೆ.ಜಿ.ವರೆಗೆ ಅಂತ ಗಾಡಿಯ ಕೈಪಿಡಿಯಲ್ಲಿ ಇರುತ್ತದೆ, ಓದಿ. ಮೇಲೆ ಮಲಗುವ ಟೆಂಟು ಹಾಕಿಸುವ ಆಸೆ ಇರುವವರು ಆ ಅಂಕಿಯನ್ನು ನೋಡಿದ ಮೇಲೆ ಯೋಚಿಸಿ. ಭಾರದ್ದೆಲ್ಲ, ನೀರು, ಉಪಕರಣ, ಅಡುಗೆ ಸಾಮಾನು, ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ ಕೆಳಗೆ ಇಟ್ಟು ಬೆಲ್ಟಿನಲ್ಲಿ ಬಿಗಿಯಿರಿ. ಗಾಡಿ ಹೊಂಡಕ್ಕೆ ಬಿದ್ದಾಗ ಬಿಗಿಯದ ಗ್ಯಾಸ್ ಸಿಲಿಂಡರ್ ನೇರ ತಲೆಗೇ ಬರುತ್ತದೆ. ಸಲಿಕೆ ಮತ್ತು ಹಗ್ಗ ಎಲ್ಲಕ್ಕಿಂತ ಮೇಲೆ ಇರಲಿ, ಕೆಸರಿನಲ್ಲಿ ನಿಂತು ಚೀಲಗಳನ್ನೆಲ್ಲ ಇಳಿಸುವಂತಾಗಬಾರದು.

ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯೋಕೆ, ಅಡುಗೆಗೆ. ಮಲೆನಾಡಿನಲ್ಲಿ ಇದಕ್ಕಿಂತ ಜಾಸ್ತಿ ಹೊತ್ತುಕೊಳ್ಳೋದು ಬೇಡ, ಮನೆಗಳಲ್ಲಿ ಕೇಳಿದರೆ ಕೊಡುತ್ತಾರೆ. ಜಿಮ್ನಿಯ ಟ್ಯಾಂಕ್ 40 ಲೀಟರ್, ಥಾರ್‌ದು 57. ನಮ್ಮ ಕಡೆಗೆ ಎರಡೂ ಸಾಕು. ಸ್ಪಿತಿಗಾದರೆ ಮನಾಲಿಯಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರಡಿ, ಸ್ಪಿತಿಯ ಮುಖ್ಯ ಊರಾದ ಕಾಜಾ ಮುಟ್ಟಲು ಸುಮಾರು 200 ಕಿ.ಮೀ.

ಚಿಕ್ಕ ಸಾಮಾನು, ದೊಡ್ಡ ಉಪಯೋಗ

ಸ್ಪ್ಯಾನರ್ ಸೆಟ್, ಫ್ಯೂಸು, ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್ ಕ್ಲಿಪ್, ಕೂಲಂಟ್ ಒಂದು ಲೀಟರ್, ಎಂಜಿನ್ ಆಯಿಲ್ ಒಂದು ಲೀಟರ್, ಬೈಂಡಿಂಗ್ ವೈರ್, ಟೇಪು, ಎಂ-ಸೀಲ್, ಜಂಪರ್ ಕೇಬಲ್. ಇಷ್ಟು ಒಂದು ಚೀಲದಲ್ಲಿ ಕಾಯಂ ಇರಲಿ. ಜಾಸ್ತಿ ದೀಪ ಹಾಕಿಸುವುದಾದರೆ ವೈರನ್ನು ಬ್ಯಾಟರಿಯಿಂದ ಎಳೆಯುವಾಗ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿ. ರಸ್ತೆಯ ಮೇಲೆ ಅದಕ್ಕೆ ಮುಚ್ಚಳ ಹಾಕಿ, ಎದುರಿನವರ ಕಣ್ಣು ಕುಕ್ಕುತ್ತದೆ.

ಫೋನ್ ಸಿಗ್ನಲ್ ಇಲ್ಲ ಅಂತ ವಿದೇಶದಿಂದ ಸ್ಯಾಟಲೈಟ್ ಫೋನೋ ಸಂದೇಶ ಕಳಿಸುವ ಉಪಕರಣವೋ ತರಿಸಬೇಡಿ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಭಾರತದಲ್ಲಿ ಅಪರಾಧ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಒಬ್ಬರಿಗೆ ಬರೆದು ಕೊಡಿ.

ಔಷಧಿ ಡಬ್ಬಿಯಲ್ಲಿ ಬ್ಯಾಂಡೇಜು, ಓಆರ್‌ಎಸ್, ಜ್ವರದ ಮಾತ್ರೆ ಜೊತೆಗೆ ಉಣ್ಣೆ (ಮೈಗೆ ಕಚ್ಚಿ ರಕ್ತ ಹೀರುವ ಹುಳು) ಕೀಳುವ ಚಿಮಟ ಇರಲಿ. ಇಂಬಳಕ್ಕೆ ಸುಣ್ಣ ಅಥವಾ ಉಪ್ಪು ಸಾಕು. ಉಣ್ಣೆಯನ್ನು ಮಾತ್ರ ಹಗುರ ಮಾಡಬೇಡಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಚಳಿಗಾಲ ಬೇಸಿಗೆಯಲ್ಲಿ ಜಾಸ್ತಿ. ಆ ತಿಂಗಳಲ್ಲಿ ಒಣ ಎಲೆಯ ಮೇಲೆ ಚಾಪೆ ಹಾಸಿ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಹಾವಿನ ವಿಷಕ್ಕೆ ಔಷಧಿ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ.

ಹಳ್ಳ ದಾಟುವುದು

ಕೋಲು ಹಿಡಿದು ಮೊದಲು ನೀವು ನಡೆದು ದಾಟಿ. ನೀರು ಮೊಣಕಾಲು ಮುಟ್ಟಿದರೆ, ಅಥವಾ ನಿಲ್ಲೋಕೆ ಕಷ್ಟ ಆಗುವಷ್ಟು ಸೆಳೆತ ಇದ್ದರೆ ಗಾಡಿ ಇಳಿಸಬೇಡಿ. ಥಾರ್ 650, ಗೂರ್ಖಾ 700 ಮಿ.ಮೀ. ನೀರು ದಾಟುತ್ತದೆ ಅಂತ ಕಂಪನಿಯವರು ಹೇಳುತ್ತಾರೆ. ಆ ಅಂಕಿ ನಿಂತ ನೀರಿಗೆ. ಹರಿಯುವ ನೀರು ಅಷ್ಟು ಆಳದಲ್ಲಿ ಗಾಡಿಯನ್ನೇ ತೇಲಿಸಿ ಪಕ್ಕಕ್ಕೆ ತಳ್ಳುತ್ತದೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಮೇಲೆ ಬೆಟ್ಟದಲ್ಲಿ ಮಳೆ ಹೊಯ್ದರೆ, ಇಲ್ಲಿ ಬಿಸಿಲಿದ್ದರೂ ಹಳ್ಳ ಸ್ವಲ್ಪ ಹೊತ್ತಿನಲ್ಲೇ ಏರುತ್ತದೆ. ನೀರಿನ ಬಣ್ಣ ಕೆಂಪಾದರೆ, ತರಗೆಲೆ ತೇಲಿ ಬರೋಕೆ ಶುರುವಾದರೆ ಈ ದಡದಲ್ಲೇ ಇದ್ದುಬಿಡಿ.

ದಾಟುವುದಾದರೆ 4ಎಲ್, ಮೊದಲ ಅಥವಾ ಎರಡನೆಯ ಗೇರು, ಒಂದೇ ವೇಗ, ನಡುವೆ ಗೇರು ಬದಲಿಸುವುದು ಬೇಡ. ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿರಿ. ಎಂಜಿನ್ ನೀರಿನಲ್ಲೇ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಒಂದೇ ಸಲಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಗ್ಗ ಕಟ್ಟಿ ಎಳೆಸಿ. ದಡ ಮುಟ್ಟಿದ ಮೇಲೆ ನೂರು ಮೀಟರ್ ಬ್ರೇಕನ್ನು ಲಘುವಾಗಿ ಒತ್ತಿಕೊಂಡು ಹೋಗಿ, ಒಣಗಲಿ.

ವಾಪಸ್ ಬಂದ ಮೇಲೆ

ಮರುದಿನವೇ ಅಡಿಭಾಗ ತೊಳೆಸಿ. ಕೆಂಪುಮಣ್ಣು ಒಣಗಿದರೆ ಸಿಮೆಂಟಿನ ಹಾಗೆ ಕಚ್ಚಿಕೊಂಡು ಬ್ರೇಕಿನ ಹತ್ತಿರ, ರೇಡಿಯೇಟರ್ ಮುಂದೆ ಕೂರುತ್ತದೆ. ಪ್ರೊಪೆಲ್ಲರ್ ಶಾಫ್ಟಿಗೆ ಗ್ರೀಸ್ ಹೊಡೆಸಿ. ಹಳ್ಳ ದಾಟಿದ್ದರೆ ಡಿಫರೆನ್ಷಿಯಲ್ ಆಯಿಲ್ ಬಣ್ಣ ನೋಡಿ. ಚಕ್ರದ ನಟ್ಟು ಇನ್ನೊಂದು ಸಲ ಬಿಗಿಯಿರಿ. ಹಗ್ಗವನ್ನು ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಮಣ್ಣಿನ ಹರಳು ನೂಲನ್ನು ಒಳಗಿನಿಂದ ಕತ್ತರಿಸುತ್ತದೆ. ಆಮೇಲೆ ಸಾಮಾನೆಲ್ಲ ಇಳಿಸುವಾಗ ಈ ಸಲ ಕೈ ಹಾಕದೆ ಇದ್ದ ವಸ್ತುಗಳನ್ನು ಒಂದು ಕಡೆ ತೆಗೆದಿಡಿ. ಔಷಧಿ ಡಬ್ಬಿ, ಹಗ್ಗ, ಸ್ಟೆಪ್ನಿ ಬಿಟ್ಟು, ಮೂರು ಪ್ರವಾಸದಲ್ಲೂ ಮುಟ್ಟದೆ ಇದ್ದದ್ದನ್ನು ನಾಲ್ಕನೆಯದಕ್ಕೆ ಮನೆಯಲ್ಲೇ ಬಿಟ್ಟು ಹೊರಡಿ.